ಅಂಗಡಿ ಗೋಡೆಗೆ ಗೇಟು

ಫೆಬ್ರವರಿ ೯

ಅಣ್ಣಾ,

ನಿನ್ನ ಕಾಗದ ಬಂತು. ಫೋನಿನಲ್ಲಿ ಮಾತು ಶುರುವಾದರೆ ನಾವಿಬ್ಬರೂ ಕುಶಲ ಕೇಳುವ ಮೊದಲೇ ಜಗಳಕ್ಕೆ ಬೀಳುತ್ತೇವೆ. ಕಾಗದವೇ ವಾಸಿ ಎಂದು ಒಪ್ಪಂದ ಮಾಡಿಕೊಂಡದ್ದು ಒಳ್ಳೆಯದೇ ಆಯಿತು. ಕಾಗದದಲ್ಲಿ ನೀನು ಬೈದರೆ ನಾನು ನಡುವೆ ಎದ್ದುಹೋಗಿ, ಗ್ರೀಸಿನ ಕೈ ತೊಳೆದುಕೊಂಡು ಬಂದು, ಉಳಿದ ಬೈಗುಳವನ್ನು ಸಮಾಧಾನವಾಗಿ ಓದಬಹುದು.

ಅಪ್ಪನ ಸೈಕಲ್ ಅಂಗಡಿಗೆ ಬೀಗ ಹಾಕಿ ಬಂದುಬಿಡು, ಇಲ್ಲೇ ಬಂದರಿನಲ್ಲಿ ಏನಾದರೂ ಕೆಲಸ ಕೊಡಿಸುತ್ತೇನೆ ಎಂದು ಬರೆದಿದ್ದೀಯ. ನೀನು ನೋಡಿದ ಅಂಗಡಿ ಬೇರೆ, ಈಗಿನದು ಬೇರೆ. ನೀನು ಕ್ರೇನ್ ಓಡಿಸಲು ಇಲ್ಲಿಂದ ಹೊರಟಾಗ ಗಾಜಿನ ಕಾರ್ಖಾನೆ ನಡೆಯುತ್ತಿತ್ತು. ಪಾಳಿ ಬಿಟ್ಟರೆ ನಮ್ಮ ಅಂಗಡಿ ಮುಂದೆ ಸೈಕಲ್ಲುಗಳ ಸಾಲು. ಆಮೇಲೆ ಅವರೆಲ್ಲ ಒಬ್ಬೊಬ್ಬರಾಗಿ ಬೈಕು ಕೊಂಡರು. ಅಪ್ಪನೂ ನಾನೂ ನೊಣ ಹೊಡೆಯುತ್ತ ಕೂತೆವು. ಆಮೇಲೆ ಕಾರ್ಖಾನೆಯೇ ಮುಚ್ಚಿತು. ಗಾಜು ಊದುತ್ತಿದ್ದ ಜಾಗದಲ್ಲಿ ಈಗ ಕತ್ತೆತ್ತಿ ನೋಡಬೇಕಾದಂಥ ಕಟ್ಟಡಗಳು ಎದ್ದಿವೆ. ಎಲ್ಲೆಲ್ಲಿಂದಲೋ ಜನ ಬಂದಿದ್ದಾರೆ. ಅಂಗಡಿಯಲ್ಲಿ ಒಂದು ಬೆಳಗ್ಗೆ ನಾಲ್ಕು ಭಾಷೆ ಕೇಳಿಸುತ್ತದೆ. ನಮ್ಮ ಓಣಿಯವರು ಅದೇ ಕಟ್ಟಡಗಳಲ್ಲಿ ಕಾವಲಿಗೆ, ಅಡುಗೆಗೆ, ಕಾರು ಓಡಿಸಲಿಕ್ಕೆ ಹೋಗುತ್ತಾರೆ.

ಅಲ್ಲಿಯವರಿಗೆ ಮನೆಗೆರಡು ಕಾರು. ಆದರೂ ಬೆಳಗಾದರೆ ಸೈಕಲ್ಲೇ ಬೇಕು! ನಮ್ಮವರು ದುಡ್ಡಿಲ್ಲದೆ ಸೈಕಲ್ ತುಳಿದರು, ಇವರು ದುಡ್ಡು ಹೆಚ್ಚಾಗಿ ತುಳಿಯುತ್ತಾರೆ. ಒಬ್ಬೊಬ್ಬರ ಸೈಕಲ್ಲೂ ಬೈಕಿಗಿಂತ ದುಬಾರಿ. ಮಕ್ಕಳ ಡಾಕ್ಟರಮ್ಮ ಒಬ್ಬರಿದ್ದಾರೆ, ಹೆಲ್ಮೆಟ್ ಇಲ್ಲದೆ ಅವರನ್ನು ನಾನು ನೋಡಿಯೇ ಇಲ್ಲ. ಅವರ ಸೈಕಲ್ಲನ್ನು ಚಿಕ್ಕಮ್ಮ ಒಂದೇ ಕೈಯಲ್ಲಿ ಎತ್ತಿ ನೋಡಿ, "ಇಷ್ಟು ಹಗುರ ಅಂದ್ರೆ ಒಳಗೆ ಏನೋ ಹಾಕೋದು ಮರೆತಿದ್ದಾರೆ ಕಣೇ, ವಾಪಸ್ ಕೊಡೋಕೆ ಹೇಳು" ಎಂದಳು. ಡಾಕ್ಟರಮ್ಮ ನಕ್ಕು ನಕ್ಕು ಸುಸ್ತಾದರು.

ಭಾನುವಾರ ಇವರದೊಂದು ದಂಡೇ ಹೊರಡುತ್ತದೆ. ಕಾಲುವೆ ದಾರಿ ಹಿಡಿಯಬೇಕಾದರೆ ನಮ್ಮ ಓಣಿಯ ಮೂಲಕವೇ ಹೋಗಬೇಕಲ್ಲ; ಓಣಿಯ ಬಾಯಲ್ಲೇ ನಮ್ಮ ಅಂಗಡಿ. ಗಾಳಿ ಹಿಡಿಸುವವರು, ಚೈನಿಗೆ ಎಣ್ಣೆ ಬಿಡಿಸುವವರು, ಸುಮ್ಮನೆ ನಿಂತು ಹರಟುವವರು. ಹೊಸ ಸೈಕಲ್ಲುಗಳ ಗೇರು ಬಿಚ್ಚುವುದನ್ನು ಕಲಿಯಲು ಪೇಟೆಯಲ್ಲಿ ಒಂದು ತಿಂಗಳ ತರಬೇತಿಗೂ ಹೋಗಿ ಬಂದೆ. ಆದ್ದರಿಂದ ಬೀಗದ ಮಾತು ಬೇಡ. ಬರುವುದಾದರೆ ನೀನೇ ನೋಡಲು ಬಾ.

ನಿನ್ನ ತಂಗಿ


ಮಾರ್ಚ್ ೨

ಚೂಟಿಗೆ ಅಣ್ಣನ ಆಶೀರ್ವಾದ.

ನಿನ್ನ ಕಾಗದವನ್ನು ನಿನ್ನ ಅತ್ತಿಗೆಗೂ ಓದಿ ಹೇಳಿದೆ. "ನಿಮ್ಮ ತಂಗಿಗೆ ಬುದ್ಧಿ ಹೇಳೋದು ಬಿಟ್ಟು ಅವಳಿಂದ ಹೇಳಿಸ್ಕೊಳ್ಳಿ" ಎಂದಳು. ಅವಳು ಯಾವತ್ತು ನನ್ನ ಕಡೆ ಇದ್ದಾಳೆ?

ಇಲ್ಲಿ ಎಲ್ಲವೂ ಸರಿಯಾಗಿದೆ. ಬಂದರಿನಲ್ಲಿ ದಿನಕ್ಕೊಂದು ಹೊಸ ಯಂತ್ರ ಬಂದಿಳಿಯುತ್ತಿದೆ, ನೀನು ನೋಡಿದರೆ ಬಾಯಿ ಬಿಡುತ್ತೀಯ. ನಾವು ಮನೆ ಬದಲಾಯಿಸಿದ್ದೇವೆ. ಹೊಸ ವಿಳಾಸ ಕವರಿನ ಹಿಂದೆ ಇದೆ, ಇನ್ನು ಮುಂದೆ ಅಲ್ಲಿಗೇ ಬರೆ.

ನೀನು ಬರೆದದ್ದನ್ನೆಲ್ಲ ನಂಬಲೋ ಬೇಡವೋ? ಚಿಕ್ಕಂದಿನಲ್ಲಿ ಮೀನು ಹಿಡಿದೆ ಎಂದು ಹೇಳಿ ಕಪ್ಪೆ ತಂದವಳು ನೀನು. ಸರಿಯಾಗಿ ಬರೆದು ತಿಳಿಸು. ಭಾನುವಾರ ಬಿಟ್ಟು ಉಳಿದ ದಿನ ಕೆಲಸ ಇರುತ್ತದೆಯೇ? ಮಳೆಗಾಲದಲ್ಲಿ ಏನು ಕಥೆ? ಅಂಗಡಿ ಹಿಂದಿನ ಸಾಮಾನಿನ ಕೋಣೆ ಹಾಗೇ ಇದೆಯೇ, ಸೋರುತ್ತದೆಯೇ? ಇಬ್ಬರು ಕೈ ಹಚ್ಚಿದರೆ ಇಬ್ಬರ ಸಂಸಾರ ನಡೆಯುವಷ್ಟು ಕೆಲಸವಿದೆಯೇ, ಅಥವಾ ಒಬ್ಬರಿಗೇ ಸಾಕೇ? ಸುಮ್ಮನೆ ಕೇಳುತ್ತಿದ್ದೇನೆ. ಅಪ್ಪ ಇಬ್ಬರ ಹೆಸರಿಗೂ ಬರೆದಿಟ್ಟು ಹೋದ ಅಂಗಡಿ, ಅದರ ಯೋಗಕ್ಷೇಮ ನನಗೂ ತಿಳಿದಿರಲಿ ಎಂದು ಅಷ್ಟೇ.

ಚಿಕ್ಕಮ್ಮನ ಮೊಣಕಾಲು ಹೇಗಿದೆ?

ಅಣ್ಣ


ಏಪ್ರಿಲ್ ೧೪

ಅಣ್ಣಾ,

ಹೊಸ ಮನೆ! ಅದನ್ನು ಕವರಿನ ಹಿಂದೆ ಬರೆದು ಮುಗಿಸಿಬಿಟ್ಟೆಯಲ್ಲ. ಬಡ್ತಿ ಬಂದಿರಬೇಕು, ದೊಡ್ಡ ಕ್ವಾರ್ಟರ್ಸ್ ಕೊಟ್ಟಿರಬೇಕು. ನಿನ್ನ ಬಾಯಿಂದ ಒಳ್ಳೆಯ ಸುದ್ದಿ ಹೊರಡಿಸಲು ಇಕ್ಕಳವೇ ಬೇಕು. "ದೊಡ್ಡ ಮನುಷ್ಯ ಆದ, ಇನ್ನು ನಮ್ಮನ್ನೆಲ್ಲ ಕಣ್ಣೆತ್ತಿ ನೋಡ್ತಾನಾ?" ಎನ್ನುತ್ತಿದ್ದಾಳೆ ಚಿಕ್ಕಮ್ಮ. ಹೇಳುತ್ತಲೇ ಓಣಿಯಿಡೀ ಸುದ್ದಿ ಹಂಚಿ ಬಂದಳು. ಮೊಣಕಾಲು ಹಾಗೇ ಇದೆ. ಬಸ್ ನಿಲ್ದಾಣದವರೆಗೆ ನಡೆದು ಹೋಗಿ ಬರುತ್ತಾಳೆ, ಅದಕ್ಕಿಂತ ಹೆಚ್ಚು ಆಗುವುದಿಲ್ಲ.

ನಿನ್ನ ಪ್ರಶ್ನೆಗಳಿಗೆ ಉತ್ತರ. ವಾರವಿಡೀ ಕೆಲಸ ಇದೆ. ಮಳೆಗಾಲದಲ್ಲಿ ಇನ್ನೂ ಹೆಚ್ಚು, ಚೈನೆಲ್ಲ ತುಕ್ಕು ಹಿಡಿದು ಬರುತ್ತವೆ. ಹಿಂದಿನ ಕೋಣೆ ಗಟ್ಟಿಯಾಗಿದೆ, ಸೋರುವುದಿಲ್ಲ. ಇನ್ನು ಇಬ್ಬರ ಮಾತು. ನಾನೊಬ್ಬಳೇ ಸಾಕು. ಅಷ್ಟಗಲದ ಅಂಗಡಿಯಲ್ಲಿ ಇನ್ನೊಬ್ಬರು ಬಂದು ನಿಂತರೆ ಕಾಲಿಗೆ ಕಾಲು ತೊಡರುತ್ತದೆ. ಯಾರನ್ನೂ ಇಟ್ಟುಕೊಳ್ಳುವುದಿಲ್ಲ, ನನ್ನ ಹಣೆಬರಹಕ್ಕೆ ನಾನೇ ಒಡತಿ. ನೀನು ಏನೂ ಚಿಂತೆ ಮಾಡಬೇಡ.

ಹೊಸ ಬಡಾವಣೆಯವರು ಒಂದು ಸಂಘ ಕಟ್ಟಿಕೊಂಡಿದ್ದಾರೆ. ಅಧ್ಯಕ್ಷರು ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು, ಇಸ್ತ್ರಿ ಮುರಿಯದ ಅಂಗಿ, ಮೆಲ್ಲಗೆ ಮಾತು. ಬಂದಿದ್ದರು. ನಮ್ಮ ಗೋಡೆಯ ವಿಷಯ ಏನೋ ಕೇಳಿದರು. "ನೋಡೋಣ" ಎಂದೆ. ಅದು ನನಗೆ ಬಿಡು. ಇಲ್ಲಿ ಎಲ್ಲರಿಗೂ ಬೇಕಾದವಳಾಗಿ ಇದ್ದೇನೆ.

ನಿನ್ನ ತಂಗಿ


ಮೇ ೨೦

ಚೂಟಿ,

ನಿಮ್ಮ ಸಂಘದ ಅಧ್ಯಕ್ಷರಿಂದ ನನಗೇ ಒಂದು ದಪ್ಪ ಕವರು ಬಂತು. ಓಣಿಯ ಬಾಯಿಗೆ ಗೇಟು ಹಾಕುತ್ತಾರಂತೆ, ಅದರ ಒಂದು ಕಂಬ ನಮ್ಮ ಅಂಗಡಿಯ ಗೋಡೆಗೆ ಬರಬೇಕಂತೆ. ನಿನ್ನನ್ನು ಕೇಳಿದರೆ ನೋಡೋಣ ನೋಡೋಣ ಎನ್ನುತ್ತೀಯಂತೆ. ಹಿರಿಯರಾದ ನಿಮ್ಮ ಸಹಿ ಇದ್ದರೆ ಸಾಕು ಎಂದು ಬಹಳ ಮರ್ಯಾದೆಯಿಂದ ಬರೆದಿದ್ದರು.

ಸಹಿ ಹಾಕಿ ಕಳಿಸಿದ್ದೇನೆ. ಸಂಕೋಚ ಪಟ್ಟುಕೊಂಡು ಕೂರುವುದು ನಿನ್ನ ಹಳೇ ಚಾಳಿ. ನಿನ್ನ ಗಿರಾಕಿಗಳೆಲ್ಲ ಅವರೇ ಎಂದ ಮೇಲೆ ಅವರ ಮಾತು ನಡೆಯಲಿ. ಈ ಅಂಗಡಿಗೆ ನಾನು ಇಷ್ಟು ವರ್ಷ ಒಂದು ಮೊಳೆಯನ್ನೂ ಹೊಡೆದಿರಲಿಲ್ಲ. ಒಂದು ಸಹಿಯನ್ನಾದರೂ ಹಾಕಿದೆನಲ್ಲ ಎಂದು ಸಮಾಧಾನವಾಯಿತು.

ನೀನು ಗಟ್ಟಿಯಾಗಿ ನಿಂತಿದ್ದೀಯ, ಒಬ್ಬಳೇ ಸಾಕು ಎಂದೂ ಬರೆದಿದ್ದೀಯ. ಸಂತೋಷ.

ಅಣ್ಣ


ಜೂನ್ ೧೧

ಮಾನ್ಯ ಅಣ್ಣನವರಿಗೆ,

ನೀವು ಸಹಿ ಹಾಕಿದ ಗೇಟು ನಿಂತಿದೆ. ನೀಲಿ ಬಣ್ಣ, ನನಗಿಂತ ಎತ್ತರ. ತೆರೆಯಲು ನಂಬರ್ ಒತ್ತಬೇಕು. ಸಂಘದ ಸದಸ್ಯರಿಗೆ ಮಾತ್ರ ನಂಬರ್ ಕೊಟ್ಟಿದ್ದಾರೆ. ಅಂಗಡಿ ಗೇಟಿನ ಆಚೆ, ಮನೆ ಗೇಟಿನ ಈಚೆ. ನನಗೂ ನಂಬರ್ ಕೊಟ್ಟರು, ಗಿರಾಕಿಗಳಿಗೆ ಬೇಕಾದವಳಲ್ಲವೇ. ನಾನು ತೆಗೆದುಕೊಳ್ಳಲಿಲ್ಲ. ಓಣಿಯವರೆಲ್ಲ ಈಗ ಹೆದ್ದಾರಿ ಸುತ್ತಿ ಬಸ್ಸಿಗೆ ಹೋಗುತ್ತಾರೆ, ನಾನೂ ಹಾಗೇ ಸುತ್ತಿ ಅಂಗಡಿಗೆ ಬರುತ್ತೇನೆ. ಚಿಕ್ಕಮ್ಮ ಬಸ್ಸಿಗೆ ಹೋಗುವುದನ್ನೇ ಬಿಟ್ಟಿದ್ದಾಳೆ.

ಅಧ್ಯಕ್ಷರು ಕೇಳಲು ಬಂದಾಗಲೆಲ್ಲ ಆಗುವುದಿಲ್ಲ ಎಂದು ನಾನು ಹೇಳಿ ಕಳಿಸಿದ್ದೆ. ನೋಡೋಣ ಎಂದದ್ದು ಮೊದಲ ಸಲ ಮಾತ್ರ. ಆಮೇಲೆ ಸಂಘದ ಅನೇಕರು ನನ್ನ ಅಂಗಡಿಗೆ ಬರುವುದನ್ನು ನಿಲ್ಲಿಸಿದರು. ಅದನ್ನು ನಿಮಗೆ ಬರೆಯಲಿಲ್ಲ, ಏಕೆಂದರೆ ಬಾಗಿಲು ಹಾಕಿ ಬಾ ಎಂದು ಮತ್ತೆ ಶುರು ಮಾಡುತ್ತಿದ್ದಿರಿ. ಈಗ ಓಣಿಯವರೂ ಬರುವುದಿಲ್ಲ. ಅಪ್ಪನ ಜೊತೆ ಒಂದೇ ಬೀಡಿ ಹಂಚಿಕೊಂಡ ಫಿಟ್ಟರ್ ಮಾವ, ತಮ್ಮ ಹಳೆಯ ಸೈಕಲ್ಲನ್ನು ನಮ್ಮ ಅಂಗಡಿಯಲ್ಲೇ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದವರು, ಮೊನ್ನೆ ಎದುರಿಗೇ ಹೇಳಿದರು: "ನಿಮ್ಮಪ್ಪನ ಗೋಡೆಗೇ ನೇತು ಹಾಕ್ಸಿದ್ರಲ್ಲಮ್ಮಾ."

ಇಲ್ಲಿ ಜಾಗದ ಬೆಲೆ ಏರಿರುವುದು ನಿಮ್ಮ ಕಿವಿಗೂ ಬಿದ್ದಿರಬೇಕು. ಇಬ್ಬರಿಗೆ ಸಾಕಾಗುವಷ್ಟಿದೆಯೇ, ಹಿಂದಿನ ಕೋಣೆ ಹೇಗಿದೆ ಎಂದು ಮಾರ್ಚಿನಲ್ಲಿ ಏಕೆ ಕೇಳಿದಿರಿ ಎಂಬುದು ಈಗ ಹೊಳೆಯಿತು. ಪಾಲು ಬೇಕಾಗಿದ್ದರೆ ಬಾಯಿಬಿಟ್ಟು ಕೇಳಬಹುದಿತ್ತು.

ಅಂಗಡಿಯ ಅರ್ಧ ಪಾಲುದಾರಳು


ಜುಲೈ ೩

ಚೂಟಿ,

ಕಾಗದ ಬಂತು. ನನಗೆ ಪಾಲು ಬೇಡ. ಬೇಡ ಎಂದು ಎಲ್ಲಾದರೂ ಸಹಿ ಹಾಕಬೇಕಾದರೆ ತಿಳಿಸು, ಹಾಕಿ ಕಳಿಸುತ್ತೇನೆ.

ಗೇಟಿಗೆ ನೀನು ಒಲ್ಲೆ ಎಂದದ್ದು ನನಗೆ ಗೊತ್ತಿರಲಿಲ್ಲ. ಎಲ್ಲ ಚೆನ್ನಾಗಿದೆ, ಎಲ್ಲರಿಗೂ ಬೇಕಾದವಳು ಎಂದು ಬರೆದವಳು ನೀನೇ.

ಅಣ್ಣ


ಸೆಪ್ಟೆಂಬರ್ ೮

ಅಣ್ಣಾ,

ಎರಡು ತಿಂಗಳು ಕಾದೆ, ನೀನು ಬರೆಯಲಿಲ್ಲ. ನಾನೂ ಬರೆಯಬಾರದು ಎಂದುಕೊಂಡಿದ್ದೆ. ಆದರೆ ನಡೆದದ್ದನ್ನು ನಿನಗೆ ಹೇಳದಿದ್ದರೆ ನನಗೆ ಅನ್ನ ಜೀರ್ಣವಾಗುವುದಿಲ್ಲ.

ಭಾನುವಾರದ ಸೈಕಲ್ ದಂಡು ಕಾಲುವೆ ದಾರಿಗೆ ಓಣಿಯ ಮೂಲಕವೇ ಹೋಗುತ್ತದೆ ಎಂದು ಬರೆದಿದ್ದೆನಲ್ಲ. ಗೇಟು ಬಂದ ಮೇಲೂ ಅವರು ನಂಬರ್ ಒತ್ತಿ ಒಳಗೆ ಬಂದು ಓಣಿ ದಾಟಿ ಹೋಗುತ್ತಲೇ ಇದ್ದರು. ನಮಗೆ ಆ ಕಡೆ ಹೋಗಲು ದಾರಿಯಿಲ್ಲ, ಅವರಿಗೆ ಈ ಕಡೆ ಬರಲು ಅಡ್ಡಿಯಿಲ್ಲ. ಜುಲೈ ಕೊನೆಯ ಒಂದು ಭಾನುವಾರ ಚಿಕ್ಕಮ್ಮ ಕಾಲುವೆ ಕಡೆಯ ತುದಿಯಲ್ಲಿ, ಓಣಿಯ ನಟ್ಟನಡುವೆ, ಕುರ್ಚಿ ಹಾಕಿಕೊಂಡು ಕೂತುಬಿಟ್ಟಳು. ಕೈಯಲ್ಲಿ ಬಿಸಿಲಿಗೊಂದು ಕೊಡೆ. ಓಣಿ ಅಲ್ಲಿ ಎಷ್ಟು ಕಿರಿದು ಎಂದು ನಿನಗೇ ಗೊತ್ತು. ದಂಡು ಬಂತು, ನಿಂತಿತು. ಹಿಂದಿನವರು ಮುಂದಿನವರಿಗೆ ಬಂದು ಗುದ್ದಿದರು. ಮುಂದೆ ಇದ್ದವರು ನಮ್ಮ ಡಾಕ್ಟರಮ್ಮ.

"ಅಮ್ಮಾ, ಸ್ವಲ್ಪ ದಾರಿ ಬಿಡ್ತೀರಾ?"

"ಇದು ಗೇಟು ಕಣಮ್ಮ."

"ಎಲ್ಲಿ ಗೇಟು?"

"ನಾನೇ ಗೇಟು. ನಿಮ್ಮ ಗೇಟಿಗೆ ನಂಬರ್ ಇದೆ, ಇದಕ್ಕೆ ನಂಬರ್ ಇಲ್ಲ. ಹೆದ್ದಾರಿ ಮೇಲಿಂದ ಸುತ್ಕೊಂಡು ಹೋಗಿ. ನಾವೂ ದಿನಾ ಹಾಗೇ ಹೋಗ್ತೀವಿ, ಏನೂ ಆಗಲ್ಲ, ಕಾಲು ಗಟ್ಟಿಯಾಗುತ್ತೆ."

ಅಷ್ಟು ಜನ, ಅಷ್ಟು ಬೆಲೆಯ ಸೈಕಲ್ಲು, ಒಬ್ಬಳು ಚಿಕ್ಕಮ್ಮ. ಒಬ್ಬ ಹುಡುಗ ಸಿಡುಕಿ ಏನೋ ಅಂದ. ಡಾಕ್ಟರಮ್ಮ ಅವನನ್ನು ಸುಮ್ಮನಿರಿಸಿ, ತಿರುಗಿಸಿಕೊಂಡು ಹೋದರು. ಮುಂದಿನ ಭಾನುವಾರ ಚಿಕ್ಕಮ್ಮನ ಪಕ್ಕ ಇನ್ನೂ ಮೂರು ಕುರ್ಚಿಗಳು ಬಂದವು. ಆಮೇಲಿನ ವಾರ ಫಿಟ್ಟರ್ ಮಾವ ಬೆಂಚನ್ನೇ ಹೊತ್ತು ತಂದರು. ಅಣ್ಣಾ, ಕಾರ್ಖಾನೆ ಮುಚ್ಚಿದ ಮೇಲೆ ಓಣಿಯ ಜನ ಒಟ್ಟಿಗೆ ಕೂತು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನನ್ನೂ ಕರೆದು ಕೂರಿಸಿಕೊಂಡರು.

ಡಾಕ್ಟರಮ್ಮ ಸೋಮವಾರ ಅಂಗಡಿಗೆ ಬಂದರು. ಹೆಲ್ಮೆಟ್ ತೆಗೆದು ಬೆಂಚಿನ ಮೇಲಿಟ್ಟು ಕೂತರು. ಕೂದಲೆಲ್ಲ ಬೆಳ್ಳಗಿದೆ, ನಾನು ಅವರನ್ನು ನನ್ನ ವಯಸ್ಸಿನವರು ಎಂದುಕೊಂಡಿದ್ದೆ. "ನಿಮ್ಮವ್ರಿಗೆ ನಂಬರ್ ಕೊಟ್ಟಿಲ್ವಾ? ಬೈಕು, ಕಾರು ತಡೆಯೋಕೆ ಅಂತ ಹೇಳಿ ನನ್ ಹತ್ರ ಸಹಿ ತಗೊಂಡ್ರು" ಎಂದರು. ನನ್ನಣ್ಣನ ಹತ್ತಿರವೂ ಹಾಗೇ ಏನೋ ಹೇಳಿರಬೇಕು ಎಂದು ಆಗ ಮೊದಲ ಸಲ ಅನ್ನಿಸಿತು.

ಅವರೇ ಅಧ್ಯಕ್ಷರನ್ನು ಅಂಗಡಿಗೆ ಕರೆತಂದರು. ಚಿಕ್ಕಮ್ಮನನ್ನೂ ಫಿಟ್ಟರ್ ಮಾವನನ್ನೂ ನಾನು ಕರೆದೆ. ಅಧ್ಯಕ್ಷರನ್ನು ನಾನು ಅಷ್ಟು ದಿನ ಸೊಕ್ಕಿನ ಮನುಷ್ಯ ಎಂದೇ ತಿಳಿದಿದ್ದೆ. ಅವರ ಹೆಂಡತಿಗೆ ಓಣಿಯಿಂದ ಜೋರಾಗಿ ಬಂದ ಬೈಕೊಂದು ಗುದ್ದಿ ಸೊಂಟ ಮುರಿದಿತ್ತಂತೆ. ಗುದ್ದಿದವನು ನಿಲ್ಲಲೂ ಇಲ್ಲವಂತೆ. ಅದನ್ನು ಅವರು ಯಾರಿಗೂ ಹೇಳಿಕೊಂಡಿರಲಿಲ್ಲ. ಓಣಿಯವರ ಮೇಲೆ ದೂರು ಹೇಳಿದ ಹಾಗಾಗುತ್ತದೆ ಎಂದು ಬಾಯಿ ಮುಚ್ಚಿಕೊಂಡು ನೇರವಾಗಿ ಗೇಟನ್ನೇ ಹಾಕಿಸಿದರು.

ಚಿಕ್ಕಮ್ಮ ಕೇಳಿಸಿಕೊಂಡು ಅವರ ಹತ್ತಿರಕ್ಕೆ ಸರಿದು ಕೂತಳು. "ಅಲ್ರೀ, ಒಬ್ಬ ತಿರುಪೆ ನನ್ಮಗ ಗುದ್ದಿದ್ದಕ್ಕೆ ನಮ್ಮೆಲ್ಲರ ಕಾಲಿಗೆ ಹಗ್ಗ ಕಟ್ಟಿದ್ರಾ? ನಮ್ಮನೆಗೆ ಬಂದು ಹೇಳಿದ್ರೆ ಅವನ ಕಿವಿ ಹಿಡ್ಕೊಂಡು ನಾನೇ ಕರ್ಕೊಂಡು ಬರ್ತಿದ್ದೆ. ಈಗ ಹೇಗಿದ್ದಾರೆ ನಿಮ್ಮನೆಯವ್ರು?"

"ನಡೀತಾರೆ. ಕೋಲು ಹಿಡ್ಕೊಂಡು" ಎಂದರು ಅಧ್ಯಕ್ಷರು.

"ನಾಳೆ ನೋಡೋಕೆ ಬರ್ತೀನಿ. ಬರಬೇಕಾದ್ರೆ ಗೇಟು ತೆಗೀಬೇಕಲ್ಲ."

ಅವರು ನಕ್ಕುಬಿಟ್ಟರು. ಹಾಗೆಂದು ಅಂದೇ ಎಲ್ಲವೂ ಇತ್ಯರ್ಥವಾಗಲಿಲ್ಲ. ಸಂಘದ ಮೂರು ಸಭೆ ನಡೆದವು, ಒಂದರಲ್ಲಿ ಕೂಗಾಟವೂ ಆಯಿತು. ಕೆಲವರಿಗೆ ಇವತ್ತಿಗೂ ಗೇಟೇ ಬೇಕು. ಕೊನೆಗೆ ಗೇಟು ತೆಗೆದು, ಮೂರು ಕಬ್ಬಿಣದ ಗಿಡ್ಡ ಕಂಬಗಳನ್ನು ಓರೆಯಾಗಿ ನೆಟ್ಟಿದ್ದಾರೆ. ನಡೆಯುವವರು ನಡೆಯಬಹುದು. ಸೈಕಲ್ಲು ನುಸುಳುತ್ತದೆ. ಬೈಕಿನವರು ಇಳಿದು ತಳ್ಳಿಕೊಂಡು ಹೋಗಬೇಕು. ಓಣಿಯ ಹುಡುಗರು ಗೊಣಗುತ್ತಾರೆ, ಗೊಣಗಲಿ. ಗೋಡೆಯಲ್ಲಿ ಎರಡು ತೂತು ಉಳಿದಿವೆ. ಸಿಮೆಂಟು ಮೆತ್ತಿದ್ದೇನೆ.

ಈಗ ಮುಖ್ಯ ವಿಷಯ. ಆ ದಿನ ಅಂಗಡಿಯಿಂದ ಹೊರಡುವಾಗ ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ನಿಮ್ಮಣ್ಣ ಸಹಿ ಹಾಕೋಕೆ ಮುಂಚೆ ನಂಗೆ ಫೋನ್ ಮಾಡಿದ್ರು. ‘ಇದರಿಂದ ನನ್ ತಂಗಿಗೆ ಒಳ್ಳೇದಾಗುತ್ತಾ?’ ಅಂತ ಅದೊಂದೇ ಕೇಳಿದ್ರು. ಆಗುತ್ತೆ ಅಂದೆ. ಮಧ್ಯಾಹ್ನದ ಹೊತ್ತು. ‘ಡ್ಯೂಟಿಗೆ ಹೋಗಿಲ್ವಾ?’ ಅಂದ್ರೆ ನಕ್ಕು ಫೋನ್ ಇಟ್ರು."

ಜೂನಿನಲ್ಲಿ ನಾನು ಬರೆದದ್ದು ತಪ್ಪು. ಬರೆದ ಕಾಗದವನ್ನು ವಾಪಸ್ ಕರೆಸಿಕೊಳ್ಳಲು ಆಗುವುದಿಲ್ಲ, ಆಗುವುದಿದ್ದರೆ ಓಡಿಬಂದು ಕಿತ್ತುಕೊಳ್ಳುತ್ತಿದ್ದೆ. ಆದರೆ ಈಗ ನೀನು ಉತ್ತರ ಹೇಳು. ಮಟಮಟ ಮಧ್ಯಾಹ್ನ, ಕ್ರೇನಿನ ತುದಿಯಲ್ಲಿ ಕೂತಿರಬೇಕಾದವನು ಮನೆಯಲ್ಲಿ ಏನು ಮಾಡುತ್ತಿದ್ದೆ?

ನಿನ್ನ ತಂಗಿ


ಸೆಪ್ಟೆಂಬರ್ ೨೭

ಚೂಟಿ,

ನಿನ್ನ ಅತ್ತಿಗೆ ಎದುರಿಗೇ ಕೂತಿದ್ದಾಳೆ. ನಿಜ ಬರೆದು ಕವರು ಅಂಟಿಸುವ ತನಕ ಊಟಕ್ಕೆ ಬಡಿಸುವುದಿಲ್ಲವಂತೆ. ಆದ್ದರಿಂದ ಬರೆಯುತ್ತಿದ್ದೇನೆ.

ನಿನ್ನ ಫೆಬ್ರವರಿ ಕಾಗದ ಬಂದ ವಾರವೇ ನನ್ನ ಕೆಲಸ ಹೋಯಿತು. ಹೊಸ ಯಂತ್ರಗಳು ಬರುತ್ತಿವೆ ಎಂದು ಬರೆದಿದ್ದೆನಲ್ಲ, ಅವು ಬಂದದ್ದು ನನ್ನ ಜಾಗಕ್ಕೇ. ಈಗ ಕ್ರೇನಿನ ಮೇಲೆ ಯಾರೂ ಹತ್ತುವುದಿಲ್ಲ. ಕೆಳಗೆ ತಣ್ಣನೆಯ ಕೋಣೆಯಲ್ಲಿ ಒಬ್ಬಳು ಹುಡುಗಿ ಪರದೆ ನೋಡಿಕೊಂಡು ನಾಲ್ಕು ಕ್ರೇನುಗಳನ್ನು ಒಟ್ಟಿಗೆ ಓಡಿಸುತ್ತಾಳೆ. ಚೆನ್ನಾಗಿಯೇ ಓಡಿಸುತ್ತಾಳೆ, ಅದೇ ಇನ್ನೂ ಸಂಕಟ. ಹೊಸ ವಿಳಾಸ ಕ್ವಾರ್ಟರ್ಸಿನದಲ್ಲ. ಕ್ವಾರ್ಟರ್ಸ್ ಬಿಡಬೇಕಾಯಿತು. ಒಂದೂವರೆ ಕೋಣೆಯಲ್ಲಿದ್ದೇವೆ. ಆ ಅರ್ಧ ಕೋಣೆ ಅಡುಗೆಮನೆಯೋ ಬಚ್ಚಲೋ ಎಂದು ನಾವಿನ್ನೂ ತೀರ್ಮಾನಿಸಿಲ್ಲ. ಒಂದು ಗೋದಾಮಿನಲ್ಲಿ ಕರೆದಾಗ ಹೋಗಿ ಪೆಟ್ಟಿಗೆ ಇಳಿಸುತ್ತೇನೆ. ನಿನ್ನ ಅತ್ತಿಗೆಗೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಿತು. ಸದ್ಯಕ್ಕೆ ಮನೆ ನಡೆಸುತ್ತಿರುವವಳು ಅವಳು.

ಬೀಗ ಹಾಕಿ ಬಾ, ನಾನು ಕೆಲಸ ಕೊಡಿಸುತ್ತೇನೆ ಎಂದು ನಿನಗೆ ದೊಡ್ಡಸ್ತಿಕೆಯಿಂದ ಬರೆದವನು ನಾನು. ಮರುತಿಂಗಳೇ ನಿನ್ನ ಬಾಗಿಲಲ್ಲಿ ನಿಂತು ನನಗೊಂದು ಕೆಲಸ ಕೊಡು ಎಂದು ಹೇಗೆ ಕೇಳಲಿ? ಅದಕ್ಕೇ ಸುತ್ತಿ ಬಳಸಿ ಕೇಳಿದೆ. ಇಬ್ಬರು ಕೈ ಹಚ್ಚಿದರೆ ಎಂದದ್ದು, ಆ ಇನ್ನೊಬ್ಬ ನಾನು. ಹಿಂದಿನ ಕೋಣೆ ಸೋರುತ್ತದೆಯೇ ಎಂದದ್ದು, ಅಲ್ಲಿ ಮಲಗಬಹುದೇ ಎಂದು. ಕಾಲಿಗೆ ಕಾಲು ತೊಡರುತ್ತದೆ ಎಂದು ನೀನು ಬರೆದೆ. ಆಮೇಲೆ ಕೇಳಲಿಲ್ಲ.

ಚಿಕ್ಕಮ್ಮನ ಕುರ್ಚಿಯ ಕಥೆಯನ್ನು ನಿನ್ನ ಅತ್ತಿಗೆ ಕ್ಯಾಂಟೀನಿನಲ್ಲೆಲ್ಲ ಹೇಳಿದ್ದಾಳೆ. ಇಲ್ಲಿಯ ನರ್ಸುಗಳಿಗೂ ಈಗ ಚಿಕ್ಕಮ್ಮ ಗೊತ್ತು.

ಇಷ್ಟೇ. ಊಟ ಬಡಿಸುತ್ತಿದ್ದಾಳೆ.

ಅಣ್ಣ


ಅಕ್ಟೋಬರ್ ೧೨

ಅಣ್ಣಾ,

ನಿನ್ನ ಕಾಗದ ಓದಿ ಮೊದಲು ಅತ್ತೆ, ಆಮೇಲೆ ಬೈದೆ, ಆಮೇಲೆ ಅಂಗಡಿಯನ್ನು ಅಳೆದೆ. ಹಳೆಯ ಕಪಾಟು ಹೊರಗೆ ಹಾಕಿದರೆ ಇಬ್ಬರು ನಿಂತು ಕೆಲಸ ಮಾಡಬಹುದು. ಕಪಾಟು ಹೊರಗೆ ಹಾಕಿಯಾಗಿದೆ. ಕಾಲು ತೊಡರಿದರೆ ತೊಡರಲಿ, ಚಿಕ್ಕಂದಿನಲ್ಲಿ ತೊಡರದೆ ಬೆಳೆದೆವೇ?

ಮೊದಲೇ ಎಲ್ಲ ಹೇಳಿಬಿಡುತ್ತೇನೆ, ಆಮೇಲೆ ಮುಖ ಊದಿಸಿಕೊಳ್ಳಬೇಡ. ನೀನು ಹಿರಿಯ, ಮನೆಯಲ್ಲಿ. ಅಂಗಡಿಯಲ್ಲಿ ನಾನು ಹೇಳಿದ್ದು ನಡೆಯಬೇಕು. ಗೇರು ಬಿಚ್ಚುವುದು, ಹೊಸ ನಮೂನೆಯ ಬ್ರೇಕು, ಚಕ್ರದ ಬೆಂಡ್ ತೆಗೆಯುವುದು ಎಲ್ಲವನ್ನೂ ನೀನು ಮೊದಲಿಂದ ಕಲಿಯಬೇಕು. ಸಿಡುಕಿದರೆ ಗಿರಾಕಿಗಳ ಎದುರಿಗೇ ಗದರುತ್ತೇನೆ. ಹಿಂದಿನ ಕೋಣೆಯಲ್ಲಿ ಮಲಗುವ ಮಾತು ಎತ್ತಬೇಡ. ಚಿಕ್ಕಮ್ಮ ತನ್ನ ಮಂಚವನ್ನು ಆಗಲೇ ನಡುಮನೆಗೆ ಎಳೆಸಿ, ಒಳಕೋಣೆಯನ್ನು ನಿಮ್ಮಿಬ್ಬರಿಗೆಂದು ಗುಡಿಸಿ ಇಟ್ಟಿದ್ದಾಳೆ. ಅತ್ತಿಗೆಯ ಕೆಲಸದ ವಿಷಯ ಡಾಕ್ಟರಮ್ಮನ ಕಿವಿಗೆ ಹಾಕಿದ್ದೇನೆ. ಅವರ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ವಿಚಾರಿಸುತ್ತಾರಂತೆ. ಆಗಿಯೇ ಬಿಡುತ್ತದೆ ಎಂದು ನಾನು ಹೇಳುವುದಿಲ್ಲ. ಇನ್ನು ಮೇಲೆ ಆಗದ್ದನ್ನು ಆಯಿತು ಎಂದು ನಾನು ಬರೆಯುವುದಿಲ್ಲ, ಸಾಗದ್ದನ್ನು ಸಾಗಿದೆ ಎಂದು ನೀನೂ ಬರೆಯಬಾರದು.

ಅದಕ್ಕೇ ಇಲ್ಲಿಯ ಇನ್ನೊಂದು ಸುದ್ದಿಯನ್ನೂ ಹೇಳುತ್ತೇನೆ. ಫಿಟ್ಟರ್ ಮಾವನ ಸಂಸಾರ ಕಳೆದ ವಾರ ಓಣಿ ಬಿಟ್ಟು ಹೋಯಿತು. ಗೇಟು ಹೋಯಿತು, ಬಾಡಿಗೆ ಏರುವುದು ನಿಲ್ಲಲಿಲ್ಲ. ಮನೆಯ ಮಾಲೀಕರು ಹೆಚ್ಚು ಕೇಳಿದರು, ಇವರು ಊರಾಚೆ ಇನ್ನೂ ದೂರದಲ್ಲಿ ಮನೆ ಹಿಡಿದರು. ಹೋಗುವಾಗ ಸೈಕಲ್ಲಿನ ಎರಡೂ ಟೈರು ನನ್ನ ಕೈಯಲ್ಲೇ ಹಾಕಿಸಿಕೊಂಡರು. "ಅಷ್ಟು ದೂರದಿಂದ ತುಳ್ಕೊಂಡು ಬರಬೇಕಲ್ಲಮ್ಮಾ" ಎಂದರು. ಅವರ ಮನೆಗೆ ಇಬ್ಬರು ನರ್ಸುಗಳು ಬಾಡಿಗೆಗೆ ಬಂದಿದ್ದಾರೆ. ಒಳ್ಳೆಯ ಹುಡುಗಿಯರು, ಬಂದ ದಿನವೇ ಚಿಕ್ಕಮ್ಮನ ಮೊಣಕಾಲು ಒತ್ತಿ ನೋಡಿ, ಬಾಯಿಗೆ ಬಂದಂತೆ ಬೈಸಿಕೊಂಡರು. ಹೀಗೆ ಒಬ್ಬರು ಹೋಗುತ್ತಾರೆ, ಇನ್ನೊಬ್ಬರು ಬರುತ್ತಾರೆ. ನಾವು ಮಾತ್ರ ಇಲ್ಲೇ ಇರುತ್ತೇವೆ, ಏಕೆಂದರೆ ನಾಲ್ಕು ಗೋಡೆ ನಮ್ಮವು, ಅಪ್ಪನ ದಯೆ. ಈಗ ಸುಮ್ಮನೆ ಇದ್ದರೆ ಸಾಲದು, ಗಟ್ಟಿಯಾಗಿ ಇರಬೇಕು. ಅದಕ್ಕೆ ಇಬ್ಬರು ಬೇಕು.

ನೆರೆಹೊರೆಯವರು ಕೇಳಿದರೆ ಏನು ಹೇಳುವುದು ಎಂದು ನೀನು ಈಗಾಗಲೇ ತಲೆ ಕೆಡಿಸಿಕೊಂಡಿರುತ್ತೀಯ. ನಿನ್ನನ್ನು ನಾನು ಕಾಣೆನೇ? ಬಡ್ತಿ ಸಿಕ್ಕಿದೆ ಎಂದು ಚಿಕ್ಕಮ್ಮ ಹಂಚಿದ ಸುದ್ದಿಯನ್ನು ಅವಳೇ ಮನೆಮನೆಗೆ ಹೋಗಿ ವಾಪಸ್ ತಂದಿದ್ದಾಳೆ. ಎಲ್ಲರಿಗೂ ಗೊತ್ತು, ಯಾರೂ ನಗಲಿಲ್ಲ. ಈ ಓಣಿಯಲ್ಲಿ ಕಾರ್ಖಾನೆ ಕಳೆದುಕೊಳ್ಳದವರು ಯಾರಿದ್ದಾರೆ?

ಹೊಸ ಗಿರಾಕಿಗಳು ಇವರಾರು ಎಂದು ಕೇಳಿದರೆ, ನಮ್ಮಣ್ಣ, ಹೊಸದಾಗಿ ಕೆಲಸಕ್ಕೆ ಸೇರಿದ್ದಾನೆ, ಇನ್ನೂ ಕಲಿಯುತ್ತಿದ್ದಾನೆ ಎಂದು ಹೇಳುತ್ತೇನೆ. ಪಕ್ಕದಲ್ಲಿ ನಿಂತು ನೀನು ಹೌದು ಅನ್ನಬೇಕು, ಅಷ್ಟೇ.

ಬೇಗ ಹೊರಡು.

ನಿನ್ನ ಚೂಟಿ